ಕಡತದಿಂದ ಡೈರಿಗೆ: ಯಾರ ದಿನಕ್ಕೆ ಯಾವ ಪುಟ?

ಬಹುಕಾಲ ನಮ್ಮಲ್ಲಿ ಡೈರಿ ಎಂಬುದು ಕೊಳ್ಳುವ ವಸ್ತುವಾಗಿರಲಿಲ್ಲ, ತಾನಾಗಿ ಬರುವ ವಸ್ತುವಾಗಿತ್ತು. ಜನವರಿ ಬಂತೆಂದರೆ ಬ್ಯಾಂಕಿನಿಂದ ಒಂದು, ವಿಮಾ ಏಜೆಂಟರಿಂದ ಒಂದು, ಗೊಬ್ಬರದ ಅಂಗಡಿಯಿಂದ ಮತ್ತೊಂದು. ರೆಕ್ಸಿನ್ ಹೊದಿಕೆ, ಮೊದಲ ಪುಟಗಳಲ್ಲಿ ರಜಾದಿನಗಳ ಪಟ್ಟಿ, ಊರಿನಿಂದೂರಿಗೆ ಇರುವ ದೂರದ ಕೋಷ್ಟಕ, ಆಮೇಲೆ ದಿನಕ್ಕೊಂದು ಪುಟದಂತೆ ಮುನ್ನೂರ ಅರವತ್ತೈದು ಪುಟ. ಸಂಕ್ರಾಂತಿಯವರೆಗೆ ಶ್ರದ್ಧೆಯಿಂದ ಬರೆದದ್ದಾಗುತ್ತಿತ್ತು. ನಂತರದ ಪುಟಗಳಲ್ಲಿ ಅಲ್ಲೊಂದು ಫೋನ್ ನಂಬರು, ಇಲ್ಲೊಂದು ಕೈಸಾಲದ ಲೆಕ್ಕ. ವರ್ಷ ಮುಗಿದ ಮೇಲೆ ಅದೇ ಡೈರಿ ಮಕ್ಕಳ ರಫ್ ಪುಸ್ತಕ.

ಈ ಹಂಚಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2020ರಲ್ಲಿ. ಸಚಿವಾಲಯಗಳು, ಸರ್ಕಾರಿ ಉದ್ದಿಮೆಗಳು ಮತ್ತು ಸರ್ಕಾರಿ ಬ್ಯಾಂಕುಗಳು ಇನ್ನು ಮುಂದೆ ಕ್ಯಾಲೆಂಡರು, ಡೈರಿಗಳನ್ನು ಅಚ್ಚು ಹಾಕಿಸಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ ಆ ವರ್ಷದ ಸೆಪ್ಟೆಂಬರಿನಲ್ಲಿ ಆದೇಶ ಹೊರಡಿಸಿತು. ಬಿಟ್ಟಿ ಡೈರಿ ಕಡಿಮೆಯಾದಾಗ ಬೇಕೆಂದವರು ಕೊಳ್ಳಬೇಕಾಯಿತು. ಕೊಳ್ಳಹೋದಾಗ ಆರಿಸಬೇಕಾಯಿತು. ದಿನಕ್ಕೊಂದು ಪುಟದ್ದೋ, ಎರಡು ಪುಟದಲ್ಲಿ ಒಂದು ವಾರ ಹರಡಿಕೊಂಡದ್ದೋ, ತಿಂಗಳಿಗೊಂದು ಚೌಕದ ಹಾಳೆಯದೋ, ತಾರೀಖೇ ಇಲ್ಲದ್ದೋ? ಅಂಗಡಿಯವನು ಇದಕ್ಕೆ ಉತ್ತರ ಹೇಳಲಾರ. ಕೊಳ್ಳುವವರು ತಮ್ಮ ಕಾಲವನ್ನು ಯಾವುದರಿಂದ ಎಣಿಸುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ ಸಾಸಲು. ಈ ಸೀಮೆಯ ಹಳ್ಳಿಗಳಲ್ಲಿ ಒಂದೇ ಮನೆಯೊಳಗೆ ಮೂರು ನಾಲ್ಕು ಬಗೆಯ ಎಣಿಕೆ ನಡೆಯುವುದು ಹೊಸದೇನಲ್ಲ. ರಾಗಿ ಹೊಲ ನೋಡಿಕೊಳ್ಳುವವರಿಗೆ ಮಳೆಯ ಲೆಕ್ಕ. ಹಸು ಕಟ್ಟಿದವರಿಗೆ ಬೆಳಗಿನ ಹಾಲು, ಸಂಜೆಯ ಹಾಲಿನ ಲೆಕ್ಕ. ದೊಡ್ಡಬಳ್ಳಾಪುರದ ಮಗ್ಗಕ್ಕೋ ಕಾರ್ಖಾನೆಗೋ ಬಸ್ಸು ಹತ್ತುವವರಿಗೆ ವಾರದ, ತಿಂಗಳಿನ ಲೆಕ್ಕ. ಹಬ್ಬ, ಹರಕೆ, ತಿಥಿ ನೋಡುವ ಹಿರಿಯರಿಗೆ ಚಂದ್ರನ ಲೆಕ್ಕ. ಬ್ಯಾಂಕಿನ ಡೈರಿ ಇವರಲ್ಲಿ ಯಾರ ಕೈಗೂ ಒಗ್ಗಲಿಲ್ಲವೆಂದರೆ ಸೋಮಾರಿತನವೇ ಕಾರಣವೆಂದು ಹೇಳಲಾಗದು. ಅದು ಹುಟ್ಟಿದ್ದೇ ಬೇರೆಯವರ ದಿನಚರಿಗಾಗಿ.

ತಾರೀಖು ಮೊದಲೇ ಅಚ್ಚಾದ ಡೈರಿಯನ್ನು ವ್ಯಾಪಾರಕ್ಕೆ ತಂದದ್ದು ಲಂಡನ್ನಿನ ಜಾನ್ ಲೆಟ್ಸ್, 1812ರಲ್ಲಿ. ಆತನ ಕಾಗದ, ಪುಸ್ತಕಗಳ ಅಂಗಡಿ ಇದ್ದದ್ದು ವರ್ತಕರು ಸೇರುತ್ತಿದ್ದ ರಾಯಲ್ ಎಕ್ಸ್‌ಚೇಂಜಿನಲ್ಲಿ. ಇಂಥ ದಿನ ಹಣ ಬರಬೇಕು, ಇಂಥ ದಿನ ಕೊಡಬೇಕು ಎಂದು ತಾರೀಖಿಗೆ ಕಟ್ಟುಬಿದ್ದ ಜನರ ಅನುಕೂಲ ಅದು. ಎಲ್ಲ ದಿನಗಳೂ ಒಂದೇ ಅಳತೆಯವು ಎಂಬ ನಂಬಿಕೆ ಅದರ ಪುಟಪುಟದಲ್ಲೂ ಇದೆ. ಕಚೇರಿ, ನ್ಯಾಯಾಲಯ, ರೈಲ್ವೆ ಇವುಗಳ ಬೆನ್ನಿಗೇ ಇಂಥ ಡೈರಿ ನಮ್ಮಲ್ಲಿಗೂ ಬಂತು. ವಕೀಲರಿಗೆ ಇಂದಿಗೂ ದಿನಕ್ಕೊಂದು ಪುಟ ಬೇಕೇಬೇಕು. ವಾಯಿದೆ ಬೀಳುವುದು ತಾರೀಖಿನ ಮೇಲೆಯೇ.

ಹಾಗಾದರೆ ಅದಕ್ಕೂ ಹಿಂದೆ ಇಲ್ಲಿನ ಜನ ಯಾವುದರಲ್ಲಿ ಬರೆದುಕೊಳ್ಳುತ್ತಿದ್ದರು? ಓಲೆಗರಿ, ಕಾಗದ ಇದ್ದವು. ಆದರೆ ನಿತ್ಯದ ಲೆಕ್ಕಾಚಾರಕ್ಕೆ ಕನ್ನಡ ನಾಡಿನವರು ಕಟ್ಟಿಕೊಂಡಿದ್ದ ಸ್ವಂತ ಸಾಧನವೊಂದಿತ್ತು. ಅದೇ ಕಡತ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಆ ಹೆಸರು ಅಂಟಿಕೊಂಡಿದ್ದು, ಮೂಲ ವಸ್ತು ಕಣ್ಮರೆಯಾಗಿದೆ.

ಕಡತ ಮಾಡುತ್ತಿದ್ದ ಬಗೆ ಸರಳ. ಹತ್ತಿಯ ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿಯುವುದು. ಒಣಗಿದ ಮೇಲೆ ಕತ್ತರಿಸದೆ, ಒಂದೇ ಅಳತೆಯ ಮಡಿಕೆಗಳಾಗಿ ಹಿಂದುಮುಂದಾಗಿ ಮಡಿಚುವುದು. ಎರಡು ತುದಿಗೂ ಮರದ ಹಲಗೆ. ಬರೆಯುವುದಕ್ಕೆ ಬಳಪ. (ಬೇಲೂರು, ಹಳೇಬೀಡಿನ ಶಿಲ್ಪಿಗಳಿಗೆ ಒದಗಿದ್ದು ಕೂಡ ಬಳಪದ ಕಲ್ಲೇ.) ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ. ಬೇಡವೆಂದಾಗ ಒರೆಸಿ ಮತ್ತೆ ಬರೆಯಬಹುದು. ಸ್ಲೇಟಿನ ಗುಣ, ಪುಸ್ತಕದ ರೂಪ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಕಡತವನ್ನು ಅಳತೆಸಹಿತ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ. ಮೈಸೂರು ಸೀಮೆಯ ವರ್ತಕರೂ ಅಂಗಡಿಕಾರರೂ ಆಗ ಎಲ್ಲೆಡೆ ಇದನ್ನೇ ಬಳಸುತ್ತಿದ್ದರಂತೆ. ಬಟ್ಟೆಯ ಮೇಲೆ ಬರೆಯುವುದು ಭಾರತಕ್ಕೆ ಹೊಸದಲ್ಲ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಆದರೆ ಅದನ್ನು ಒರೆಸಿ ಬಳಸುವ ಮಡಿಕೆಯ ಪುಸ್ತಕವಾಗಿಸಿ ಶತಮಾನಗಳ ಕಾಲ ನಡೆಸಿಕೊಂಡು ಬಂದದ್ದು ಕನ್ನಡಿಗರ ಜಾಣತನ. ಶೃಂಗೇರಿ ಮಠದಲ್ಲಿ ನೂರಾರು ಕಡತಗಳು ಉಳಿದು ಬಂದಿವೆ. ಮಠದ ಲೆಕ್ಕಪತ್ರ, ಶಾಸನಗಳ ನಕಲು ಎಲ್ಲವೂ ಅವುಗಳಲ್ಲಿವೆ. ಒರೆಸಬಹುದಾದ ವಸ್ತು ಇಷ್ಟು ಕಾಲ ಬಾಳಿದ್ದು ಸೋಜಿಗವೇ ಸರಿ.

ವಿಲ್ಕ್ಸ್ ಹೇಳುವ ಇನ್ನೊಂದು ಸಂಗತಿ ಇನ್ನೂ ಕುತೂಹಲದ್ದು. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದ ಸಾಲಪತ್ರವನ್ನು ವ್ಯಾಜ್ಯದಲ್ಲಿ ಪುರಾವೆಯಾಗಿ ಹಾಜರುಪಡಿಸಿ, ಅದನ್ನು ಒಪ್ಪಿಕೊಂಡದ್ದನ್ನು ಆತ ಕಂಡಿದ್ದನಂತೆ. ಅಂಗೈಯಿಂದ ಒರೆಸಿದರೆ ಹೋಗುವ ಬರಹಕ್ಕೆ ಅಂಥ ಬೆಲೆ! ಬೆಲೆ ಇದ್ದದ್ದು ಬಹುಶಃ ಬಟ್ಟೆಗಲ್ಲ, ಅದನ್ನು ಬರೆದವನಿಗೆ ಮತ್ತು ನೋಡಿದ ಸಾಕ್ಷಿಗಳಿಗೆ.

ಇಲ್ಲಿಯೇ ತೊಡಕೂ ಇತ್ತು. ಹಳ್ಳಿಯ ಭೂಮಿ, ಕಂದಾಯದ ಲೆಕ್ಕ ಇರುತ್ತಿದ್ದದ್ದು ಶಾನುಭೋಗರ ಮನೆಯಲ್ಲಿ. ಶಾಸನಗಳ ಕಾಲದ ‘ಸೇನಬೋವ’ನೇ ಈ ಶಾನುಭೋಗ. ಹುದ್ದೆ ವಂಶಪಾರಂಪರ್ಯ. ಕಡತದಲ್ಲಾಗಲಿ ಮುಂದೆ ಬಂದ ಕಾಗದದ ಪುಸ್ತಕದಲ್ಲಾಗಲಿ, ಬರೆದವರು ಒಬ್ಬರು, ಬಾಳಿದವರು ಇನ್ನೊಬ್ಬರು. ಯಾವ ಕಂತು ಯಾವಾಗ, ಎಷ್ಟು ಬಾಕಿ ಎಂಬುದನ್ನು ಓದಲು ಬಾರದ ರೈತ ಕೇಳಿಯೇ ತಿಳಿಯಬೇಕಿತ್ತು. ಸಾಹುಕಾರನ ಲೆಕ್ಕವೂ ಹಾಗೆಯೇ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಾಗ ಶಾನುಭೋಗಿಕೆ ಹೋಗಿ, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಒಬ್ಬ ಮನುಷ್ಯನ ದಿನಗಳು ಅವನ ಕೈಯಲ್ಲೇ ಇರುವ ಪುಸ್ತಕಕ್ಕೆ ಸೇರಬೇಕಾದರೆ ಅಕ್ಷರವೂ ಬೇಕಿತ್ತು, ಅಗ್ಗದ ಕಾಗದವೂ ಬೇಕಿತ್ತು.

ಸಾಸಲಿನಂಥ ಕಡೆ ಹೆಚ್ಚಿನ ಮನೆಗಳಿಗೆ ಮೊದಲು ಹೊಕ್ಕ ಅಚ್ಚಿನ ಕಾಲಪತ್ರವೆಂದರೆ ಗೋಡೆಯ ಕ್ಯಾಲೆಂಡರ್. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಆರಂಭವಾದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಹಳೇ ಮೈಸೂರಿನ ಮನೆ, ಕಚೇರಿಗಳಲ್ಲಿ ತಲೆಮಾರುಗಳಿಂದ ನೇತಾಡುತ್ತ ಬಂದಿದೆ. ಮುಂಬಯಿಯಲ್ಲಿ 1973ರಲ್ಲಿ ಶುರುವಾದ ಕಾಲನಿರ್ಣಯ ಕನ್ನಡದಲ್ಲೂ ಬಂತು. ಇವುಗಳ ಗುಟ್ಟು ಒಂದೇ: ಇಂಗ್ಲಿಷ್ ತಾರೀಖಿನ ಚೌಕದೊಳಗೇ ತಿಥಿ, ನಕ್ಷತ್ರ, ಹಬ್ಬ, ರಾಹುಕಾಲ. ಮಿಕ್ಕ ಜಾಗದಲ್ಲಿ ಮನೆಯವರು ಗ್ಯಾಸು ಬಂದ ದಿನ, ಹಾಲು ತಪ್ಪಿದ ದಿನ, ಹಸು ಕಟ್ಟಿಸಿದ ದಿನ ಗುರುತು ಹಾಕುತ್ತಾರೆ. ಮನೆಮಂದಿಯೆಲ್ಲ ಸೇರಿ ಬರೆಯುವ, ಮನೆಮಂದಿಯೆಲ್ಲ ಓದುವ ಪುಸ್ತಕ ಇದು. ಪೇಟೆಯ ಅಂಗಡಿಯ ಯಾವ ದುಬಾರಿ ಪ್ಲಾನರಿಗೂ ಈ ಗುಣ ಇಲ್ಲ.

ಮಳೆಯ ಲೆಕ್ಕ ಮಾತ್ರ ಈ ಚೌಕಗಳಿಗೂ ಒಗ್ಗದು. ಸೂರ್ಯ ಇಪ್ಪತ್ತೇಳು ನಕ್ಷತ್ರಗಳನ್ನು ಹಾದುಹೋಗಲು ಒಂದು ವರ್ಷ ಬೇಕು. ಎಂದರೆ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಜೂನ್ ಮೊದಲ ಭಾಗದಲ್ಲಿ ಮೃಗಶಿರ, ಅದು ಮುಗಿಯುತ್ತಲೇ ಆರಿದ್ರ, ಜುಲೈನಲ್ಲಿ ಪುನರ್ವಸು, ಪುಷ್ಯ, ಆಗಸ್ಟಿನಲ್ಲಿ ಆಶ್ಲೇಷ, ಮಖೆ. ರಾಗಿ ಬಿತ್ತುವವರ ಮಾತಿನಲ್ಲಿ ‘ಜುಲೈ ಮೂರನೇ ವಾರ’ ಬರುವುದು ಕಡಿಮೆ. ‘ಪುಷ್ಯದ ಮಳೆ ಹುಯ್ದರೆ’ ಎಂಬುದೇ ಹೆಚ್ಚು. ವಾರವೂ ಅಲ್ಲದ, ತಿಂಗಳೂ ಅಲ್ಲದ ಈ ಅಳತೆಗೆ ಹೊಂದುವ ಡೈರಿ ಪೇಟೆಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ನೂರು ಪುಟದ ನೋಟುಬುಕ್ಕಿಗೆ ಮಳೆಗೆ ಎರಡು ಪುಟದಂತೆ ಗೆರೆ ಹಾಕಿಕೊಂಡರೆ ಐವತ್ತನಾಲ್ಕು ಪುಟದಲ್ಲಿ ಒಂದು ವರ್ಷ ಮುಗಿಯುತ್ತದೆ, ಉಳಿದದ್ದು ಖರ್ಚಿನ ಲೆಕ್ಕಕ್ಕೆ. ಯಾವ ಮಳೆ ಎಷ್ಟು ದಿನ ಬಂತು, ಏನು ಬಿತ್ತಿದ್ದಾಯಿತು ಎಂದು ಹತ್ತು ವರ್ಷ ಬರೆದಿಟ್ಟ ಮನೆಯ ನೋಟುಬುಕ್ಕು ಆ ಹೊಲದ ಮಟ್ಟಿಗೆ ಯಾವ ಪಂಚಾಂಗಕ್ಕೂ ಕಡಿಮೆಯಲ್ಲ.

ರೇಷ್ಮೆ ಹುಳು ಸಾಕುವವರಿಗೆ ತಾರೀಖೇ ಅಡ್ಡಿ. ಅವರ ವರ್ಷ ಶುರುವಾಗುವುದು ಮೊಟ್ಟೆ ಒಡೆದ ದಿನ. ಅಲ್ಲಿಂದ ನಾಲ್ಕು ಜ್ವರ, ಇಪ್ಪತ್ತೈದರ ಆಚೀಚೆ ದಿನಗಳಲ್ಲಿ ಹಣ್ಣು ಹುಳು, ಬೆನ್ನಿಗೇ ಗೂಡು. ಮುಂದಿನ ಬೆಳೆಗೆ ಮತ್ತೆ ಒಂದನೇ ದಿನ. ತಾರೀಖಿಲ್ಲದ ಪುಸ್ತಕ ಬೇಕಾದದ್ದು ಇಂಥವರಿಗೆ. ಹಾಲಿನವರಿಗಾದರೋ ಸಹಕಾರ ಸಂಘದ ಪುಸ್ತಕವೇ ಸಿದ್ಧವಾಗಿದೆ. ಬೆಳಿಗ್ಗೆ, ಸಂಜೆ ಎಂಬ ಎರಡು ಮನೆ, ಎದುರಿಗೆ ಲೀಟರು. ಅದರಲ್ಲಿ ಗಮನಿಸಬೇಕಾದದ್ದು ಅಳತೆಗಿಂತ ಒಡೆತನ: ಸಂಘದಲ್ಲೊಂದು ಲೆಕ್ಕ ಇದ್ದರೂ ಹಾಲು ಹಾಕಿದವರ ಕೈಯಲ್ಲಿ ಇನ್ನೊಂದು ಇರುತ್ತದೆ. ಶಾನುಭೋಗರ ಕಾಲದಲ್ಲಿ ಇಲ್ಲದ್ದು ಇದೇ.

ಹೊರದೇಶಗಳಲ್ಲೂ ಕಾಲಕ್ರಮೇಣ ಅಚ್ಚಾದ ಪುಟದ ಬಿಗಿಯನ್ನು ಸಡಿಲಿಸುವ ಪ್ರಯತ್ನಗಳೇ ನಡೆದವು. ಅಮೆರಿಕದಲ್ಲಿ 1910ರ ಹೊತ್ತಿಗೆ ಎಂಜಿನಿಯರುಗಳಿಗಾಗಿ ಹಾಳೆ ಬಿಚ್ಚಿ ಸೇರಿಸುವ ಲೀಫ್ಯಾಕ್ಸ್, 1921ರಲ್ಲಿ ಲಂಡನ್ನಿನಲ್ಲಿ ಅದೇ ಮಾದರಿಯ ಫೈಲೋಫ್ಯಾಕ್ಸ್ ಬಂದವು. 1980ರ ದಶಕದಲ್ಲಿ ಎರಡನೆಯದು ಮ್ಯಾನೇಜರುಗಳ ಪ್ರತಿಷ್ಠೆಯ ಗುರುತಾಯಿತು. 2013ರಲ್ಲಿ ರೈಡರ್ ಕ್ಯಾರೊಲ್ ಎಂಬ ಅಮೆರಿಕದ ವಿನ್ಯಾಸಕಾರ ಬುಲೆಟ್ ಜರ್ನಲ್ ಎಂಬ ಕ್ರಮವನ್ನು ಜನರ ಮುಂದಿಟ್ಟ. ಖಾಲಿ ಪುಸ್ತಕ, ತಾನೇ ಹಾಕಿಕೊಂಡ ಪುಟಸಂಖ್ಯೆ, ಮೊದಲಲ್ಲಿ ವಿಷಯಸೂಚಿ, ಆಗದೆ ಉಳಿದ ಕೆಲಸವನ್ನು ಮುಂದಿನ ಪುಟಕ್ಕೆ ಎತ್ತಿ ಬರೆಯುವುದು, ಇಷ್ಟೇ. ಕಿರ್ದಿಯಿಂದ ಖಾತೆಗೆ ಎತ್ತಿ ಬರೆದು ಅಭ್ಯಾಸವಿರುವ ನಮ್ಮ ಅಂಗಡಿಯ ಗುಮಾಸ್ತರು ಇದನ್ನು ಕಂಡು ಬೆರಗಾಗಲಿಕ್ಕಿಲ್ಲ.

ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹಿಂದಿನ ವರ್ಷದ ಡೈರಿ ತೆಗೆದು ನೋಡುವುದು. ಹತ್ತು ಪುಟದಲ್ಲಿ ಒಂಬತ್ತು ಖಾಲಿ ಇದ್ದರೆ ದಿನಕ್ಕೊಂದು ಪುಟ ದಂಡ, ವಾರದ್ದು ಸಾಕು. ಬರೆದದ್ದರಲ್ಲಿ ಅರ್ಧ ಹೊಡೆದು ಹಾಕಿದ್ದರೆ ಪೆನ್ನು ಬಿಟ್ಟು ಪೆನ್ಸಿಲು ಹಿಡಿಯುವುದು ಲೇಸು, ಕಡತದವರ ಹಾದಿ. ಬರೆದದ್ದು ಮನೆಯ ಉಳಿದವರಿಗೂ ಕಾಣಬೇಕಾಗಿದ್ದರೆ ಜೇಬಿನ ಡೈರಿಗಿಂತ ಗೋಡೆಯೇ ಮೇಲು. ಕಣ್ಣಿಗೆ ಚೆಂದ ಕಂಡದ್ದನ್ನು ಕೊಂಡವರ ಡೈರಿಗಳು ಮಾತ್ರ ಎಂದಿನಂತೆ ಮಕ್ಕಳ ಪಾಲು.

ಇನ್ನು ತಿಥಿ ನೋಡಿ ನಡೆಯುವವರಿಗೆ ಒಂದು ಮಾತು. ಇದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಯಂದು. ಸುತ್ತಿನ ಜಿಲ್ಲೆಗಳ ರೈತರು ಎತ್ತು ಹೊಡೆದುಕೊಂಡು ಬರುವ ದನಗಳ ಜಾತ್ರೆ ನಡೆಯುವುದೂ ಆ ದಿನಗಳಲ್ಲೇ. ಈ ಷಷ್ಠಿ ಡಿಸೆಂಬರ್ ಕೊನೆಗೂ ಬರಬಹುದು, ಜನವರಿಯಲ್ಲೂ ಬರಬಹುದು. 2025ರಲ್ಲಿ ಜನವರಿ ಮೊದಲ ವಾರಕ್ಕೊಮ್ಮೆ, ಡಿಸೆಂಬರ್ ಕೊನೆಯ ವಾರಕ್ಕೊಮ್ಮೆ ಎರಡು ಸಲ ಬಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಮುಂದಿನ ಪುಷ್ಯ ಷಷ್ಠಿ 2027ರ ಜನವರಿ ಎರಡನೇ ವಾರಕ್ಕೆ ಸರಿಯುತ್ತದೆ. 2026ರ ಡೈರಿಯ ಮುನ್ನೂರ ಅರವತ್ತೈದು ಪುಟಗಳಲ್ಲಿ ಎಲ್ಲಿ ಹುಡುಕಿದರೂ ಆ ದಿನ ಸಿಗದು. ಎತ್ತು ಮಾರುವ ಯೋಚನೆ ಇದ್ದವರು ಪುಸ್ತಕದ ಕೊನೆಯಲ್ಲಿ ಮುಂದಿನ ವರ್ಷದ ಜನವರಿಗೂ ನಾಲ್ಕು ಗೆರೆ ಜಾಗ ಇದೆಯೇ ಎಂದು ನೋಡಿಕೊಂಡು ಕೊಳ್ಳಬೇಕು.