ಪರೋಕ್ಷವಿನಯ

‘ಪರೋಕ್ಷ’ ಎಂಬುದು ಈಗ ತೆರಿಗೆಯ ಮಾತು, ‘ವಿನಯ’ ನಡತೆಯ ಮಾತು. ಒಂದು ಕಾಲಕ್ಕೆ ಇವೆರಡೂ ಕೂಡಿ ಸಾವಿನ ಮನೆಯ ಮಾತಾಗಿದ್ದವು. ‘ಸರ್ವಾರ್ಥಸಿದ್ಧಿ’ಯಲ್ಲಿ ಜೈನ ಆಚಾರ್ಯ ಪೂಜ್ಯಪಾದರು ಗುರು ಬಂದಾಗ ಎದ್ದು ಕೈಮುಗಿಯುವುದನ್ನು ವಿನಯವೆನ್ನುತ್ತಾರೆ; ಅವರು ಎದುರಿಗಿಲ್ಲದಾಗ ಗುಣ ನೆನೆದು ಕೈಮುಗಿಯುವುದನ್ನೂ ಅದರಲ್ಲೇ ಸೇರಿಸುತ್ತಾರೆ. ಕನ್ನಡ ಶಾಸನಗಳು ಈ ಮಾತನ್ನು ಮರಳಿ ಬಾರದವರವರೆಗೂ ಚಾಚಿದವು. ಶ್ರವಣಬೆಳಗೊಳದಲ್ಲಿ ಅಗಲಿದವರಿಗೆ ನಿಲ್ಲಿಸಿದ ನಿಸಿದಿಗಲ್ಲು ಪರೋಕ್ಷವಿನಯವಾಯಿತು. ದುಃಖದಲ್ಲಿರುವವರಿಗೆ ‘ಮರೆತುಬಿಡಿ’ ಎನ್ನುವ ನಮಗಿಂತ ಆ ಮಾತಿಗೆ ದುಃಖದ ಅರಿವು ಹೆಚ್ಚು. ಸತ್ತವರೊಡನೆ ಸಂಬಂಧ ಮುಗಿಯಿತೆಂದು ಅದು ಹೇಳುವುದಿಲ್ಲ; ಎದುರಿಗೆ ಮಾಡುತ್ತಿದ್ದುದನ್ನು ಇನ್ನು ಹಿಂದಿನಿಂದ ಮಾಡಬೇಕು ಎನ್ನುತ್ತದೆ.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಇದರ ದೊಡ್ಡ ಸಾಕ್ಷಿ ನಿಂತಿದೆ. ತಲಕಾಡನ್ನು ಚೋಳರಿಂದ ಗೆದ್ದ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ಅವನ ನೆನಪಿಗೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ತಂದೆಯ ಬಿರುದಿನಿಂದಲೇ ಅದು ದ್ರೋಹಘರಟ್ಟ ಜಿನಾಲಯವಾಯಿತು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನನ್ನು ತಲುಪಿದಾಗ ಅವನು ಯುದ್ಧ ಗೆದ್ದಿದ್ದ, ಗಂಡುಮಗುವೂ ಹುಟ್ಟಿತ್ತು. ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಒಬ್ಬನ ಸಾವಿಗೆ ಕಟ್ಟಿದ ಬಸದಿಯೊಳಗಿನ ದೇವರಿಗೆ ಬೇರೊಂದು ಮನೆಯ ಸಂತೋಷದ ಹೆಸರು ಬಂತು. ಬಿಟ್ಟುಕೊಡುವುದೆಂದರೆ ಇದೇ ಎನ್ನಿಸುತ್ತದೆ: ತಂದೆ ಮಗನ ಮನಸ್ಸಿನಿಂದ ಹೋಗಲಿಲ್ಲ, ದುಃಖ ಮಾತ್ರ ಅವನೊಬ್ಬನದಾಗಿ ಉಳಿಯಲಿಲ್ಲ.

ಮಮಕಾರ ಕಳೆಯಬೇಕೆಂಬ ಜೈನಮತದಲ್ಲಿ ಸತ್ತವರನ್ನು ಹೀಗೆ ನೆನೆಯುವುದು ಹೊಸ ಕಟ್ಟಲ್ಲವೇ ಎಂದು ಕೇಳಬಹುದು. ತತ್ತ್ವಾರ್ಥಸೂತ್ರ ಎಣಿಸುವ ಆರು ಅಂತರಂಗ ತಪಸ್ಸುಗಳಲ್ಲಿ ವಿನಯವೂ ಇದೆ, ತ್ಯಜಿಸುವ ವ್ಯುತ್ಸರ್ಗವೂ ಇದೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ. ಹಿಡಿತ ಮಿತಿಮೀರಿದರೆ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಿಲ್ಲ. ಅದೇ ಊರಿನ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬವಿದೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ಸತ್ತಾಗ ಅವನ ಅಂಗರಕ್ಷಕ ಕುವರ ಲಕ್ಷ್ಮ ಹೆಂಡತಿ, ಸಂಗಡಿಗರೊಡನೆ ಪ್ರಾಣ ಕೊಟ್ಟ. ಕತ್ತಿಯಿಂದ ತಮ್ಮ ತಲೆ ತಾವೇ ಕೊಯ್ದುಕೊಳ್ಳುವವರನ್ನು ಕಂಬದ ಮೇಲೆ ಕಡೆದಿದ್ದಾರೆ. ಆ ನಿಷ್ಠೆಯ ಮುಂದೆ ತಲೆ ಬಾಗುತ್ತದೆ, ಆದರೂ ಅದನ್ನು ಪರೋಕ್ಷವಿನಯವೆನ್ನಲಾರೆ. ಆ ವಿನಯ ಮಾಡಲು ಈಚೆ ದಡದಲ್ಲಿ ಯಾರಾದರೂ ಉಳಿದಿರಬೇಕು.

ಬಸದಿ ಕಟ್ಟಿಸುವುದು ದಂಡನಾಯಕರಿಗೆ ಸರಿ, ಬಡವರೇನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಪೂಜ್ಯಪಾದರ ವಿವರಣೆಯಲ್ಲಿ ಕಲ್ಲಿನ ಮಾತೇ ಇಲ್ಲ. ಕೈ, ಬಾಯಿ, ಮನಸ್ಸು ಸಾಕು. ಅರಸೀಕೆರೆ, ಬೇಲೂರು ಸೀಮೆಯ ಜನ ಶಾಲೆಗೆ ಬೆಂಚು, ಗುಡಿಗೆ ಗಂಟೆ ಕೊಟ್ಟು ‘ಜ್ಞಾಪಕಾರ್ಥ’ ಎಂದು ಬರೆಸುವುದೂ ಇದೇ ಜಾತಿಯ ಕೆಲಸ. ಅದನ್ನು ಹೆಸರಿನ ಹಂಬಲವೆಂದು ಹೀಗಳೆಯುವವರಿದ್ದಾರೆ. ಅಲ್ಲಿ ದಾನಿಯ ಹೆಸರಿಗಿಂತ ಮೊದಲು ತೀರಿಹೋದವರ ಹೆಸರಿರುತ್ತದೆ, ಅದನ್ನು ಅವರು ಓದಬೇಕು.