ತೂತು ಗೂಡಿನ ಹಾರ

ಟಿಪ್ಪು 18ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಸಿದ. ಮೊಟ್ಟೆ ಕೇಂದ್ರಗಳು ಬರುವ ಮುಂಚೆ ರೈತರೇ ಒಂದಷ್ಟು ಗೂಡು ಉಳಿಸಿ, ಚಿಟ್ಟೆ ಬರಿಸಿ, ಮೊಟ್ಟೆ ಮಾಡಿಕೊಳ್ಳುತ್ತಿದ್ದರು. ಚಿಟ್ಟೆ ತೂತು ಮಾಡಿ ಹೊರಬಂದ ಗೂಡಿನಲ್ಲಿ ನೂಲು ಬಿಚ್ಚಲಾಗದು. ವ್ಯಾಪಾರಕ್ಕೆ ಅದು ಕಸ, ಮಕ್ಕಳಿಗೆ ಐಶ್ವರ್ಯ. ಕತ್ತರಿಸಿ, ಬಣ್ಣದಲ್ಲಿ ಅದ್ದಿ, ದಾರಕ್ಕೆ ಪೋಣಿಸಿದರೆ ಹಾರ. ಕತ್ತರಿ ದೊಡ್ಡವರ ಕೈಗೆ, ಪೋಣಿಸುವ ಕೆಲಸ ಪುಟ್ಟ ಬೆರಳುಗಳಿಗೆ. ಈಗ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವುದೂ ಇಂಥದ್ದೇ. (ಹಾಕಿಸಿಕೊಂಡವರು ಅದೇನೆಂದು ನೋಡುವುದು ಕಡಿಮೆ!)

ನಮ್ಮ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಾರ್ಖಾನೆ ಶುರುವಾಯಿತು. ತಿಂಗಳ ಸಂಬಳ ಸಣ್ಣ ಮಾತಲ್ಲ. ಆದರೆ ಕೈಗಾರಿಕೆಗೆ ಹೋದ ಹಿಪ್ಪುನೇರಳೆ ತೋಟದ ಜೊತೆ ಚಂದ್ರಿಕೆಯೂ ಅಟ್ಟ ಸೇರಿತು. ಮಕ್ಕಳ ಕ್ರಾಫ್ಟ್ ಹೋಂವರ್ಕಿಗೆ ಈಗ ಥರ್ಮಾಕೋಲ್ ಅಂಗಡಿಯಿಂದ ಬರುತ್ತದೆ. ಶಿಫ್ಟ್ ಮುಗಿಸಿ ಬಂದು ರಾತ್ರಿ ಕೂತು ಅಂಟಿಸುವವರು ಅಮ್ಮಂದಿರು.