ಫ್ಲೀ ಮಾರ್ಕೆಟ್‌ನಲ್ಲಿ ಸ್ಟಾಲ್ ಹಾಕುವ ಮುನ್ನ: ಬಾಡಿಗೆಯ ಲೆಕ್ಕ, ಕರಾರು, ಕಾನೂನು

ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವವರು, ಸೀರೆಗೆ ಕಸೂತಿ ಹಾಕಿಕೊಡುವವರು, ಟೆರಾಕೋಟಾ ಓಲೆ ತಯಾರಿಸುವವರು ಇಂದು ಪ್ರತಿ ಮಹಾನಗರದಲ್ಲೂ ಇದ್ದಾರೆ. ನೆರೆಹೊರೆ ಮತ್ತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುತ್ತಿದ್ದ ವ್ಯಾಪಾರ ತುಸು ಬೆಳೆದ ಕೂಡಲೇ ಅವರ ಕಣ್ಣು ಹೋಗುವುದು ವಾರಾಂತ್ಯದ ಫ್ಲೀ ಮಾರ್ಕೆಟ್ ಕಡೆಗೆ. ಎರಡೇ ದಿನದಲ್ಲಿ ಸಾವಿರಾರು ಜನ ಕಣ್ಣೆದುರು ಹಾದುಹೋಗುವ ಜಾಗವದು. ಆದರೆ ಒಂದು ಮಾತು ನೆನಪಿಡಬೇಕು. ಸ್ಟಾಲ್ ಬಾಡಿಗೆಯನ್ನು ಬೋಣಿ ಆಗುವ ಮೊದಲೇ ಕಟ್ಟಬೇಕು ಮತ್ತು ಸಾಮಾನ್ಯವಾಗಿ ಆ ಹಣ ವಾಪಸ್ ಬರುವುದಿಲ್ಲ. ಹೀಗಾಗಿ ಲಾಭ ನಷ್ಟದ ಬಹುಪಾಲು ತೀರ್ಮಾನವಾಗುವುದು ಸಂತೆಯ ದಿನವಲ್ಲ, ಹಣ ಕಟ್ಟುವ ದಿನ.

ಏನಿದು ಫ್ಲೀ ಮಾರ್ಕೆಟ್?

ಇಂಗ್ಲಿಷಿನಲ್ಲಿ ಫ್ಲೀ ಎಂದರೆ ಚಿಗಟ. ಪ್ಯಾರಿಸ್ ಹೊರವಲಯದ ಹಳೆ ಸಾಮಾನುಗಳ ಬಜಾರಿಗೆ ಫ್ರೆಂಚರು 'ಚಿಗಟಗಳ ಮಾರುಕಟ್ಟೆ' ಎಂದು ಕರೆದದ್ದರಿಂದ ಈ ಹೆಸರು ಬಂತು ಎನ್ನಲಾಗುತ್ತದೆ. ಭಾರತದಲ್ಲಿ ಈಗ ಈ ಹೆಸರಿನಡಿ ಮೂರು ಬಗೆಯ ಮಾರುಕಟ್ಟೆಗಳಿವೆ. ಮೂರರಲ್ಲೂ ಜಾಗ ಸಿಗುವ ದಾರಿ ಬೇರೆ ಬೇರೆ.

ಮೊದಲನೆಯದು ಹಳೆಯ ಬೀದಿ ಬಜಾರುಗಳು. ಮುಂಬೈನ ಮಟನ್ ಸ್ಟ್ರೀಟ್‌ನ ಚೋರ್ ಬಜಾರ್, ಬುಧವಾರ ಮತ್ತು ಭಾನುವಾರ ಸೇರುವ ಪುಣೆಯ ಜೂನಾ ಬಜಾರ್, ಹೈದರಾಬಾದಿನ ಎರ‍್ರಗಡ್ಡದ ಭಾನುವಾರದ ಸಂತೆ ಈ ಸಾಲಿಗೆ ಸೇರುತ್ತವೆ. ಇಲ್ಲಿ ತಲೆಮಾರಿನಿಂದ ಕೂತು ಮಾರುವವರೇ ಹೆಚ್ಚು.

ಎರಡನೆಯದು ಸರ್ಕಾರಿ ಹಾಟ್‌ಗಳು. ದೆಹಲಿಯ ಐಎನ್‌ಎ ಬಳಿ 1994ರಲ್ಲಿ ಆರಂಭವಾದ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಸರದಿಯ ಮೇಲೆ 15 ದಿನಗಳಂತೆ ಮಳಿಗೆ ಸಿಗುತ್ತದೆ.

ಮೂರನೆಯದು ಖಾಸಗಿ ಸಂಘಟಕರು ಮೈದಾನ, ಮಾಲ್ ಅಥವಾ ಸಭಾಂಗಣ ಹಿಡಿದು ನಡೆಸುವ ವಾರಾಂತ್ಯದ ಮೇಳಗಳು. ಬೆಂಗಳೂರಿನ ಸಂಡೇ ಸೋಲ್ ಸಂತೆ ಇದಕ್ಕೆ ಉದಾಹರಣೆ. ಹೊಸಬರು ಬಾಡಿಗೆಗೆ ಸ್ಟಾಲ್ ಪಡೆಯುವುದು ಹೆಚ್ಚಾಗಿ ಇಂಥ ಮೇಳಗಳಲ್ಲೇ. ಅರ್ಜಿಯ ಜತೆ ಸರಕಿನ ಫೋಟೊ ತರಿಸಿಕೊಂಡು ಆಯ್ಕೆ ಮಾಡುವ ಪದ್ಧತಿಯೂ ಇದೆ.

ಬೀದಿ ಜಾಗ ಬಾಡಿಗೆಗೆ ಎಂದರೆ ಎಚ್ಚರ

ಬೀದಿ ಬಜಾರಿನಲ್ಲಿ 'ನನ್ನ ಜಾಗ ತಿಂಗಳಿಗಿಷ್ಟು ಕೊಟ್ಟು ಇಟ್ಟುಕೊಳ್ಳಿ' ಎನ್ನುವವರು ಸಿಗಬಹುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರ ಪ್ರಮಾಣಪತ್ರವನ್ನಾಗಲಿ, ಅದರಲ್ಲಿ ನಮೂದಾದ ಜಾಗವನ್ನಾಗಲಿ ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಹೀಗೆ ಹಣ ಕೊಟ್ಟವರಿಗೆ ಆ ಜಾಗದ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ತೆರವು ಕಾರ್ಯಾಚರಣೆ ನಡೆದರೆ ಸರಕೂ ಹೋಗುತ್ತದೆ, ಕೊಟ್ಟ ಹಣವೂ ಹೋಗುತ್ತದೆ.

ಅಧಿಕೃತ ವ್ಯಾಪಾರಿಗಳಿಗೂ ಜಾಗ ಶಾಶ್ವತವಲ್ಲ. ದೆಹಲಿಯ ದರಿಯಾಗಂಜ್‌ನ ಪಾದಚಾರಿ ಮಾರ್ಗದಲ್ಲಿ ದಶಕಗಳ ಕಾಲ ನಡೆದ ಭಾನುವಾರದ ಪುಸ್ತಕ ಸಂತೆ, ಹೈಕೋರ್ಟ್ ಆದೇಶದ ಬಳಿಕ 2019ರಲ್ಲಿ ಮಹಿಳಾ ಹಾಟ್‌ಗೆ ಸ್ಥಳಾಂತರವಾಯಿತು.

ಎಷ್ಟು ಮಾರಿದರೆ ಬಾಡಿಗೆ ಹುಟ್ಟುತ್ತದೆ?

ಬಾಡಿಗೆ ಊರಿಂದ ಊರಿಗೆ, ಮೇಳದಿಂದ ಮೇಳಕ್ಕೆ ಬದಲಾಗುತ್ತದೆ. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ. ಉದಾಹರಣೆಗೆ, ಎರಡು ದಿನದ ಸ್ಟಾಲ್‌ಗೆ ₹8,000 ಬಾಡಿಗೆ ಎಂದುಕೊಳ್ಳೋಣ. ಸಂಘಟಕರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇ 18ರಂತೆ ₹1,440 ಸೇರುತ್ತದೆ. ಸರಕು ಸಾಗಿಸುವ ಟೆಂಪೊಗೆ ₹2,000, ಸಹಾಯಕರೊಬ್ಬರಿಗೆ ₹1,600, ಊಟ, ಕವರ್ ಮತ್ತಿತರ ವೆಚ್ಚಕ್ಕೆ ₹960. ಒಟ್ಟು ₹14,000.

₹400 ಬೆಲೆಯ ಒಂದು ವಸ್ತು ತಯಾರಿಸಲು ₹220 ತಗುಲಿದರೆ ಉಳಿಯುವುದು ₹180. ಅಂದರೆ 78 ವಸ್ತು ಮಾರಾಟವಾದ ಮೇಲಷ್ಟೇ ಖರ್ಚು ಹುಟ್ಟುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಎರಡು ದಿನ ಕೂತರೆ ಸರಿಸುಮಾರು 12 ನಿಮಿಷಕ್ಕೊಂದು ವಸ್ತು ಹೋಗಬೇಕು. ಅಲ್ಲಿಯವರೆಗೆ ಮನೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ.

ಇನ್ನು ಚೌಕಾಶಿ. ಫ್ಲೀ ಮಾರ್ಕೆಟ್‌ಗೆ ಬರುವವರು ಚೌಕಾಶಿ ಮಾಡಿಯೇ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಶೇ 10ರಷ್ಟು, ಅಂದರೆ ₹40 ಬಿಟ್ಟರೆ ಉಳಿಯುವುದು ₹140. ಆಗ 78ರ ಬದಲು 100 ವಸ್ತು ಮಾರಬೇಕು. ಎಲ್ಲಿಯವರೆಗೆ ಇಳಿಯಬಹುದು ಎಂಬುದನ್ನು ಗಿರಾಕಿ ಎದುರು ನಿಂತಾಗ ಅಲ್ಲ, ಮನೆಯಲ್ಲೇ ತೀರ್ಮಾನಿಸಿಕೊಂಡಿರಬೇಕು.

ಮಳೆ ಬಂದು ಅರ್ಧ, ಅಂದರೆ 39 ವಸ್ತು ಮಾತ್ರ ಮಾರಾಟವಾದರೆ ಸುಮಾರು ₹7,000 ಕೈಬಿಡುತ್ತದೆ. ಅಷ್ಟು ನಷ್ಟ ತಾಳಿಕೊಳ್ಳಲು ಆಗದಿದ್ದರೆ ಆ ಸ್ಟಾಲ್ ದುಬಾರಿ ಎಂದೇ ಅರ್ಥ. ಅಂಥವರು ಮತ್ತೊಬ್ಬರ ಜತೆ ಸ್ಟಾಲ್ ಹಂಚಿಕೊಳ್ಳಬಹುದು. ಅದಕ್ಕೆ ಸಂಘಟಕರ ಒಪ್ಪಿಗೆ ಬೇಕು. ಹೊರನಾಡಿನಲ್ಲಿರುವ ಕನ್ನಡಿಗರು ತಮ್ಮ ಊರಿನ ಕನ್ನಡ ಸಂಘದ ರಾಜ್ಯೋತ್ಸವ ಅಥವಾ ಆಹಾರ ಮೇಳದಲ್ಲಿ ಮೇಜು ಹಾಕಿ ಮೊದಲು ಪರೀಕ್ಷಿಸಿ ನೋಡಬಹುದು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಸ್ಟಾಲ್ ಅಳತೆ ಎಷ್ಟು? ಮೇಜು, ಕುರ್ಚಿ, ಮೇಲ್ಚಾವಣಿ, ದೀಪ, ಪ್ಲಗ್ ಪಾಯಿಂಟ್ ಬಾಡಿಗೆಯಲ್ಲೇ ಸೇರಿವೆಯೇ?
* ಸ್ಟಾಲ್ ಇರುವುದು ಎಲ್ಲಿ? ಪ್ರವೇಶದ್ವಾರ, ತಿನಿಸುಗಳ ಸಾಲು, ಮೂಲೆ ಇವುಗಳಿಂದ ಎಷ್ಟು ದೂರ?
* ಒಂದೇ ಬಗೆಯ ಸರಕಿಗೆ ಎಷ್ಟು ಸ್ಟಾಲ್ ಕೊಡಲಾಗುತ್ತಿದೆ?
* ಮಳೆಯಿಂದ ಅಥವಾ ಅನುಮತಿ ಸಿಗದೆ ಮೇಳ ರದ್ದಾದರೆ ಹಣ ವಾಪಸ್ ಬರುತ್ತದೆಯೇ?
* ಮೊದಲ ದಿನ ರಾತ್ರಿ ಸರಕು ಅಲ್ಲೇ ಬಿಡಬಹುದೇ? ಕಾವಲು ಯಾರದು?
* ಸರಕು ಇಳಿಸಲು ವಾಹನ ಎಷ್ಟು ಗಂಟೆಯವರೆಗೆ ಒಳಗೆ ಬರಬಹುದು?

ಉತ್ತರಗಳು ಫೋನ್ ಮಾತಿನಲ್ಲಿದ್ದರೆ ಸಾಲದು, ಇಮೇಲ್ ಅಥವಾ ಕರಾರಿನಲ್ಲಿ ಇರಬೇಕು. ಹಣವನ್ನು ಸಂಸ್ಥೆಯ ಖಾತೆಗೆ ಕಟ್ಟಿ ರಸೀದಿ ಪಡೆಯಬೇಕು. ಸಾಧ್ಯವಾದರೆ ಅದೇ ಸಂಘಟಕರ ಹಿಂದಿನ ಮೇಳಕ್ಕೆ ಗಿರಾಕಿಯಂತೆ ಹೋಗಿ, ಸಂಜೆ ಹೊತ್ತು ಅಲ್ಲಿನ ಸ್ಟಾಲ್‌ನವರನ್ನೇ ಮಾತನಾಡಿಸುವುದು ಒಳ್ಳೆಯದು.

ಯಾವ ನೋಂದಣಿ ಬೇಕು?

ತಿನಿಸು ಮಾರುವವರು ಸಣ್ಣ ಪ್ರಮಾಣದವರಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆದಿರಬೇಕು. ಅದರ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು, ವಿಳಾಸ ನಮೂದಿಸುವುದು ಕಡ್ಡಾಯ. ಮನೆಯಲ್ಲಿ ತಯಾರಿಸಿದ ಸೋಪು, ಕ್ರೀಮುಗಳನ್ನು ಮಾರಲು ಸೌಂದರ್ಯವರ್ಧಕಗಳ ತಯಾರಿಕಾ ಪರವಾನಗಿ ಬೇಕಾಗುತ್ತದೆ. ಇದು ಅನೇಕರಿಗೆ ತಿಳಿದಿರುವುದಿಲ್ಲ.

ಬೇರೆ ರಾಜ್ಯಕ್ಕೆ ಹೋಗಿ ಸ್ಟಾಲ್ ಹಾಕುವವರು ಜಿಎಸ್‌ಟಿ ನಿಯಮವನ್ನೂ ಗಮನಿಸಬೇಕು. ಖಾಯಂ ವ್ಯಾಪಾರ ಸ್ಥಳವಿಲ್ಲದ ರಾಜ್ಯದಲ್ಲಿ ಅಪರೂಪಕ್ಕೆ ವ್ಯಾಪಾರ ಮಾಡುವವರನ್ನು ಕಾನೂನು ಸಾಂದರ್ಭಿಕ ತೆರಿಗೆದಾರರು ಎಂದು ಪರಿಗಣಿಸುತ್ತದೆ. ತೆರಿಗೆಗೆ ಒಳಪಡುವ ಸರಕು ಮಾರುವುದಾದರೆ ವಹಿವಾಟು ಸಣ್ಣದಿದ್ದರೂ ಅವರು ನೋಂದಣಿ ಮಾಡಿಸಬೇಕು. ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮುಂಚೆ ಅರ್ಜಿ ಹಾಕಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಈ ನೋಂದಣಿಯ ಅವಧಿ ಗರಿಷ್ಠ 90 ದಿನ, ಕೋರಿದರೆ ವಿಸ್ತರಣೆ ಸಿಗುತ್ತದೆ. ಸಣ್ಣ ವಹಿವಾಟಿನ ಕರಕುಶಲ ವಸ್ತುಗಳಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗಳಂಥ ಸರಕು ಒಯ್ಯುವವರು ತೆರಿಗೆ ಸಲಹೆಗಾರರಲ್ಲಿ ಇದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಸಂತೆಯ ದಿನ

'ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು' ಎಂಬ ಗಾದೆ ಇಲ್ಲಿಗೂ ಅನ್ವಯಿಸುತ್ತದೆ. ಬೆಲೆ ಚೀಟಿ ಅಂಟಿಸುವ, ಸರಕು ಎಣಿಸುವ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಬೇಕು. ₹10, ₹20, ₹50ರ ನೋಟುಗಳ ಚಿಲ್ಲರೆ, ಬಿಲ್ ಪುಸ್ತಕ, ಕತ್ತರಿ, ಹಗ್ಗ, ಸರಕು ಮುಚ್ಚಲು ಪ್ಲಾಸ್ಟಿಕ್ ಹಾಳೆ, ಪವರ್ ಬ್ಯಾಂಕ್ ಜತೆಗಿರಬೇಕು. ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುವುದುಂಟು. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬದೆ, ಹಣ ಜಮೆಯಾದ ಸಂದೇಶ ಬಂದ ಮೇಲೆಯೇ ಸರಕು ಕೊಡಬೇಕು. ಸ್ಟಾಲ್‌ನಲ್ಲಿ ಇಬ್ಬರಾದರೂ ಇರುವುದು ಲೇಸು. ಒಬ್ಬರೇ ಇದ್ದರೆ ಊಟಕ್ಕೆ, ಶೌಚಕ್ಕೆ ಹೋಗುವುದೂ ಕಷ್ಟ.

ಮೇಳ ಮುಗಿದ ರಾತ್ರಿಯೇ ಏನು ಎಷ್ಟು ಹೋಯಿತು, ಯಾವ ಹೊತ್ತಿನಲ್ಲಿ ಹೋಯಿತು, ಎಷ್ಟು ಮಂದಿ ಫೋನ್ ನಂಬರ್ ಕೊಟ್ಟು ಹೋದರು ಎಂದು ಬರೆದಿಡಬೇಕು. ಮುಂದಿನ ಮೇಳದ ಅರ್ಜಿ ಬಂದಾಗ ಬಾಡಿಗೆ ಕಟ್ಟಬೇಕೋ ಬೇಡವೋ ಎಂಬುದನ್ನು ಆ ಚೀಟಿಯೇ ಹೇಳುತ್ತದೆ.